ಒಂದು ಗಂಟೆಯ ಧ್ವನಿ

ಬೆಳಗಿನ ಐದೂಮುಕ್ಕಾಲು. ಅಂಧರ ಗ್ರಂಥಾಲಯದ ಹಿಂಬದಿಯ ಪುಟ್ಟ ಕೋಣೆಯಲ್ಲಿ, ಕಣ್ಣಿಲ್ಲದವರಿಗಾಗಿ ಪುಸ್ತಕ ಓದಿ ರೆಕಾರ್ಡ್ ಮಾಡುವ ಓದಕ್ಕ ಫ್ಯಾನು ನಿಲ್ಲಿಸುತ್ತಾರೆ, ಕೈಗಡಿಯಾರ ಬಿಚ್ಚಿ ಹೊರಗಿಡುತ್ತಾರೆ, ಬಾಗಿಲ ಸಂದಿಗೆ ಹಳೆಯ ಕಂಬಳಿ ತುರುಕುತ್ತಾರೆ. ಗೋಡೆಗಳಿಗೂ ಕಂಬಳಿಯೇ ಹೊದಿಕೆ. ಸೇಬಿನ ಒಂದು ಹೋಳು ಅಗಿದು ನುಂಗುತ್ತಾರೆ. ಬಾಯಿ ಒಣಗಿದ್ದರೆ ತುಟಿ ಬಿಡಿಸುವ ಸದ್ದೂ ಮೈಕಿಗೆ ಕೇಳಿಸುತ್ತದಂತೆ. ಪಕ್ಕದ ಗ್ಯಾರೇಜಿನಲ್ಲಿ ಏಳು ಗಂಟೆಗೆ ಸುತ್ತಿಗೆಯ ಸದ್ದು ಶುರುವಾಗುತ್ತದೆ, ಅಷ್ಟರೊಳಗೆ ಓದು ಮುಗಿಯಬೇಕು. ಗಾಜಿನ ಆಚೆ ಕುಳಿತ ಗುಂಡಿಯಣ್ಣ, ಅಂದರೆ ರೆಕಾರ್ಡಿಂಗ್ ಯಂತ್ರದ ಗುಂಡಿ ಒತ್ತುವವರು, ಕೈ ಎತ್ತುತ್ತಾರೆ. ಓದಕ್ಕ ಪುಸ್ತಕ ತೆರೆಯುತ್ತಾರೆ.

ಇಂದು ಸೋಮವಾರ. ಗುರುವಾರ ಅವರ ಗಂಟಲಿಗೆ ಆಪರೇಷನ್. ಧ್ವನಿಪೆಟ್ಟಿಗೆಯಲ್ಲಿ ಗಂಟು ಬೆಳೆದಿದೆ. ತೆಗೆದ ಮೇಲೆ ಧ್ವನಿ ಮೊದಲಿನ ಹಾಗೇ ಬರಬಹುದು, ಒಡಕಾಗಿ ಬರಬಹುದು, ಬಾರದೆಯೂ ಇರಬಹುದು ಎಂದಿದ್ದಾರೆ ಡಾಕ್ಟರು. ಅಲ್ಲಿಯವರೆಗೆ ದಿನಕ್ಕೆ ಒಂದು ಗಂಟೆ ಮಾತ್ರ ಮಾತು. ಆ ಒಂದು ಗಂಟೆಯನ್ನು ಅವರು ಒಂದು ಕಾದಂಬರಿಗೆ ಕೊಟ್ಟಿದ್ದಾರೆ. ಇನ್ನೂ ಅರವತ್ತಮೂರು ಪುಟ ಉಳಿದಿದೆ.

ಹಾಗಾಗಿ, ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನನ್ನ ಪ್ರಶ್ನೆಗಳಿಗೆ ಉತ್ತರ ನನ್ನದೇ ನೋಟ್‌ಪುಸ್ತಕದಲ್ಲಿ ಬರುತ್ತದೆ. ಓದಕ್ಕ ಮಾತಾಡುವ ಹಾಗೆಯೇ ಬರೆಯುತ್ತಾರೆ. ಮೊದಲ ಸಾಲೇ ಇದು: "ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ, ನಂಗೆ ಬೆಳ್ಳೀನೇ ಸಾಕಿತ್ತು."

ಹತ್ತೊಂಬತ್ತು ವರ್ಷಗಳ ಹಿಂದೆ ಅವರು ಇಲ್ಲಿಗೆ ಬಂದದ್ದು ನೆಲ ಒರೆಸುವ ಕೆಲಸಕ್ಕೆ. ಒಂದು ದಿನ ಓದಬೇಕಿದ್ದ ಮೇಷ್ಟ್ರು ಕೈಕೊಟ್ಟರು. ಬಕೆಟ್ಟು ಪಕ್ಕಕ್ಕಿಟ್ಟು ಇವರು ಓದಿದರು. ಕೇಳಿದವರು ಮತ್ತೆ ಮೇಷ್ಟ್ರನ್ನು ಕೇಳಲಿಲ್ಲ. ಇವತ್ತಿಗೂ ಹಾಜರಿ ಪುಸ್ತಕದಲ್ಲಿ ಅವರದು ಕಸ ಗುಡಿಸುವ ಹುದ್ದೆಯೇ. ಓದು ಮುಗಿಸಿ ಪೊರಕೆ ಹಿಡಿಯುತ್ತಾರೆ. ಇಲ್ಲಿಯವರೆಗೆ ನಾನೂರಹನ್ನೆರಡು ಪುಸ್ತಕ ಓದಿದ್ದಾರೆ. ಒಂದು ಪುಟಕ್ಕೆ ಎರಡೂವರೆ ನಿಮಿಷ. ಕವಿತೆಗೆ ಲೆಕ್ಕವಿಲ್ಲ, ಏಕೆಂದರೆ ಎರಡು ಸಾಲಿನ ನಡುವೆ ಎಷ್ಟು ಸುಮ್ಮನಿರಬೇಕು ಎಂಬುದನ್ನು ಯಾವ ಕವಿಯೂ ಬರೆದಿಡುವುದಿಲ್ಲ.

ಪ್ರೀತಿಯ ಅಧ್ಯಾಯ ಬಂದರೆ ಓದಕ್ಕ ಗುಂಡಿಯಣ್ಣನಿಗೆ ಆ ಕಡೆ ತಿರುಗಿ ಕೂರಲು ಹೇಳುತ್ತಾರಂತೆ. "ಹತ್ತೊಂಬತ್ತು ವರ್ಷದಿಂದ ಗೋಡೆ ನೋಡ್ತಾ ಇದೀನಿ ಸಾರ್," ಎನ್ನುತ್ತಾರೆ ಗುಂಡಿಯಣ್ಣ. "ಗೋಡೆ ಮೇಲಿನ ಒಂದೊಂದು ಬಿರುಕೂ ಗೊತ್ತು ನಂಗೆ." ದೊಡ್ಡವರ ಕಾದಂಬರಿಗಳ ಮೇಲೆ ಓದಕ್ಕನದೊಂದು ತಕರಾರಿದೆ. ಸಮಾಜವನ್ನು ತಿದ್ದಲು ಹೊರಟ ಒಂದು ಪುಸ್ತಕದಲ್ಲಿ ನೆಲ ಒರೆಸುವ ಹೆಂಗಸೊಬ್ಬಳು ಬರುತ್ತಾಳೆ. "ಅವಳು ಏನ್ ಹೇಳ್ತಾಳೋ ಅಂತ ಕಾದೆ, ಕಾದೆ. ಮುನ್ನೂರು ಪುಟ ಆದ್ರೂ ಅವಳ ಬಾಯಿಗೆ ಒಂದು ಮಾತೂ ಕೊಟ್ಟಿರ್ಲಿಲ್ಲ ಪುಣ್ಯಾತ್ಮರು." ಇದನ್ನು ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಾರೆ.

ಸಾವಿನ ವಿಷಯಕ್ಕೆ ಬಂದಾಗ ಬರವಣಿಗೆ ನಿಧಾನವಾಗುತ್ತದೆ. ಅವರು ಮಾಡಿದ ಒಂದೇ ಒಂದು ದೊಡ್ಡ ತಪ್ಪು ಅದರದ್ದೇ. ಗ್ರಂಥಾಲಯದ ಹಳೆಯ ಕೇಳುಗರಲ್ಲಿ ಒಬ್ಬರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದ ಅಜ್ಜಿ, ಹುಟ್ಟಿನಿಂದ ಕಣ್ಣಿಲ್ಲದವರು. ಎಂಟು ವರ್ಷಗಳ ಹಿಂದೆ ಅವರ ಗಂಡ ತೀರಿಕೊಂಡ ತಿಂಗಳಲ್ಲೇ, ಅವರು ಓದಿಕೊಡಲು ಕೇಳಿದ್ದ ಕಾದಂಬರಿಯಲ್ಲೂ ಒಬ್ಬ ಗಂಡ ಜ್ವರದಿಂದ ಸಾಯುವುದಿತ್ತು. ಓದಕ್ಕನಿಗೆ ಕರುಳು ಚುರ್ ಎಂದಿತು. ನಾಲ್ಕು ಪುಟ ಹಾರಿಸಿ, "ಮರುದಿನ ಜ್ವರ ಇಳಿಯಿತು" ಎಂದು ತಾವೇ ಒಂದು ಸಾಲು ಸೇರಿಸಿದರು. ಮುಂದೆ ಸತ್ತವನ ನೆನಪು ಬಂದಲ್ಲೆಲ್ಲ ಮಾತು ತಿರುಗಿಸಿದರು. ಕೊನೆಯ ಅಧ್ಯಾಯದಲ್ಲಿ ಹೆಂಡತಿ ಒಬ್ಬಳೇ ಊಟಕ್ಕೆ ಕೂರುವುದನ್ನು ಮಾತ್ರ ಮರೆತು ಇದ್ದ ಹಾಗೇ ಓದಿಬಿಟ್ಟರು.

ಅಜ್ಜಿಯ ಫೋನು ಬಂತು. "ಜ್ವರ ಇಳಿದ ಮನುಷ್ಯ ಊಟದ ಹೊತ್ತಿಗೆ ಎಲ್ಲಿ ಹೋದ?"

ಓದಕ್ಕ ತಪ್ಪೊಪ್ಪಿಕೊಂಡರು. ಅಜ್ಜಿ ಬೈಯಲಿಲ್ಲ. ಅವರು ಅಂದು ಹೇಳಿದ್ದನ್ನು ನನಗೂ ಫೋನಿನಲ್ಲಿ ಹೇಳುತ್ತಾರೆ: "ನಮ್ಮ ಮನೇಗೆ ಬಂದೋರೆಲ್ಲ ಬೇರೆ ಮಾತಾಡಿ ಹೋದ್ರಪ್ಪ. ಸಾವಿನ ಸುದ್ದೀನೇ ಯಾರೂ ಎತ್ಲಿಲ್ಲ. ಇನ್ನೊಬ್ಳು ಅದನ್ನ ಹ್ಯಾಗೆ ತಡ್ಕೊಂಡ್ಲು ಅಂತ ಕೇಳೋಕೇ ನಾನು ಆ ಪುಸ್ತಕ ಹಾಕ್ಕೊಂಡು ಕೂತಿದ್ದೆ. ಅದನ್ನೇ ಕಸ್ಕೊಂಡ್ಯಲ್ಲ ಮಗಳೇ, ಅಂದೆ." ಮಾರನೆಯ ಬೆಳಿಗ್ಗೆಯೇ ಓದಕ್ಕ ಆ ನಾಲ್ಕು ಪುಟಗಳನ್ನು ಓದಿ ಸೇರಿಸಿದರು.

ಈಗ ಓದುತ್ತಿರುವ ಕಾದಂಬರಿಗೆ ಕಾದು ಕುಳಿತವರೂ ಅದೇ ಅಜ್ಜಿ. ದೋಣಿ ನಡೆಸುವವನನ್ನು ಪ್ರೀತಿಸಿ ತವರಿನಿಂದ ಹೊರಬಿದ್ದ ಹೆಂಗಸಿನ ಕಥೆ. ಇಡೀ ಊರು ಅವಳೊಂದಿಗೆ ಮಾತು ಬಿಟ್ಟಿದೆ. ಈಗ ಮುದುಕಿಯಾಗಿ ಹಾಸಿಗೆ ಹಿಡಿದಿದ್ದಾಳೆ, ಬದುಕುವುದಿಲ್ಲ.

ಸೋಮವಾರ ಇಪ್ಪತ್ತೆರಡು ಪುಟ ಆಗುತ್ತದೆ. ಮಂಗಳವಾರ, ಓದಕ್ಕ ಒಂದು ವಾಕ್ಯದ ನಡುವೆ ಇದ್ದಾಗ ಧ್ವನಿ ನಿಂತುಹೋಗುತ್ತದೆ. ಬಾಯಿ ಆಡುತ್ತಿದೆ, ಸದ್ದಿಲ್ಲ. ಗುಂಡಿಯಣ್ಣ ಯಂತ್ರ ಕೆಟ್ಟಿತೆಂದು ತಂತಿ ಅಲುಗಾಡಿಸುತ್ತಾರೆ. ಯಂತ್ರ ಸರಿಯಾಗಿಯೇ ಇದೆ. ಗಾಜಿನೊಳಗೆ ಓದಕ್ಕ ಎರಡೂ ಕೈಯಲ್ಲಿ ಕತ್ತು ಹಿಡಿದುಕೊಂಡು ನಮ್ಮನ್ನೇ ನೋಡುತ್ತಿದ್ದಾರೆ. ಏಳು ನಿಮಿಷ ಹಾಗೇ ಕಳೆಯುತ್ತದೆ. ಆಮೇಲೆ ಸಣ್ಣಗೆ, ಬಾಗಿಲು ಕಿರುಗುಟ್ಟಿದ ಹಾಗೆ, ಧ್ವನಿ ಮರಳುತ್ತದೆ. ಆ ದಿನ ಹತ್ತೊಂಬತ್ತೇ ಪುಟ.

ಹೊರಗೆ ಬಂದು ಕುಳಿತ ಓದಕ್ಕನನ್ನು ನಾನು ಕೇಳಬಾರದ್ದನ್ನು ಕೇಳುತ್ತೇನೆ: ಇಷ್ಟೊಂದು ಸಾವು ಓದಿದ್ದೀರಿ, ಭಯಕ್ಕೆ ಮದ್ದೇನಾದರೂ ಸಿಕ್ಕಿತೇ? ಅವರು ಬರೆಯುತ್ತಾರೆ: "ಐನೂರು ಜನ ಆದ್ರೂ ನನ್ನ ಬಾಯಲ್ಲೇ ಸತ್ತಿದ್ದಾರೆ. ಒಬ್ಬರದೂ ಉಪಯೋಗಕ್ಕೆ ಬರ್ಲಿಲ್ಲ. ಭಯ ಅಂದ್ರೆ ಭಯಾನೇ. ಆದ್ರೆ ಅದು ಬಂದಾಗ ಗುರುತು ಸಿಗುತ್ತೆ. ಓ, ಇದು ಆ ಪುಸ್ತಕದವಳಿಗೆ ಆಗಿದ್ದೇ, ನಂಗೂ ಆಗ್ತಿದೆ ಅಂತ."

ಓದಕ್ಕನ ಮಗಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅಮ್ಮನ ಮೇಲೆ ಅವಳಿಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. "ಮನೇಲಿ ಸ್ಲೇಟು ಇಟ್ಕೊಂಡಿದ್ದಾಳೆ. ನಂಗೆ 'ಊಟ ಆಯ್ತಾ' ಅಂತ ಬರೆದು ತೋರಿಸ್ತಾಳೆ. ಪುಸ್ತಕದ ಹೆಂಗಸಿಗೆ ಕೊಡೋ ಧ್ವನೀಲಿ ನಂಗೆ ಎರಡು ಮಾತು ಇಲ್ವಾ? ಚಿಕ್ಕಂದಿನಿಂದಲೂ ಅಷ್ಟೇ ಸಾರ್. ಯಾರ್‍ಯಾರದೋ ದುಃಖ ಓದಿ ಹೇಳಿದಾಳೆ. ತನ್ನದು ಒಂದು ದಿನಾನೂ ಬಾಯಿ ಬಿಟ್ಟಿಲ್ಲ."

ಬುಧವಾರ ಆಸ್ಪತ್ರೆಯ ಚೀಲ ಹಿಡಿದು ಮಗಳೂ ಬಂದಿದ್ದಾಳೆ. ಇಪ್ಪತ್ತೆರಡು ಪುಟ, ಐವತ್ತೈದು ನಿಮಿಷ. ಒಂದು ಸಲವೂ ತಪ್ಪಬಾರದು. ಓದಕ್ಕ ಆತುರಪಡುವುದಿಲ್ಲ. ದೋಣಿಯವನ ಹೆಂಡತಿ ಸಾಯುತ್ತಾಳೆ. ಮಾತು ಬಿಟ್ಟಿದ್ದ ಊರಿನವರು ಒಬ್ಬೊಬ್ಬರಾಗಿ ಹೊಸಿಲಿನಾಚೆ ಬಂದು ನಿಲ್ಲುತ್ತಾರೆ, ಯಾರಿಗೂ ಏನು ಹೇಳಬೇಕೋ ತಿಳಿಯದು. ಧ್ವನಿ ಎಲ್ಲಿ ಕಡಿಯುತ್ತದೋ ಎಂದು ನಾನು ಪುಟ ಎಣಿಸುತ್ತಿದ್ದೇನೆ. ಅದು ಕಡಿಯುವುದಿಲ್ಲ. ಕೊನೆಯ ಸಾಲು ಮುಗಿದಾಗ ಗುಂಡಿಯಣ್ಣ ಕೈ ಬೆರಳು ಅಗಲಿಸಿ ತೋರಿಸುತ್ತಾರೆ: ಇನ್ನೂ ಐದು ನಿಮಿಷ ಇದೆ.

ಓದಕ್ಕ ಯಂತ್ರ ಆರಿಸಲು ಸನ್ನೆ ಮಾಡುತ್ತಾರೆ. ಮಗಳನ್ನು ಒಳಗೆ ಕರೆದು ಬಾಗಿಲು ಮುಚ್ಚುತ್ತಾರೆ. ಗುಂಡಿಯಣ್ಣ ಯಾರೂ ಹೇಳದೆಯೇ ಗೋಡೆಯ ಕಡೆ ತಿರುಗುತ್ತಾರೆ, ನಾನೂ ತಿರುಗುತ್ತೇನೆ. ಐದು ನಿಮಿಷದ ಮೇಲೆ ಹೊರಬಂದ ಮಗಳ ಕಣ್ಣು ಕೆಂಪಾಗಿದೆ.

"ಭಯ ಆಗ್ತಿದೆ ಅಂದ್ಲು," ಎನ್ನುತ್ತಾಳೆ. "ಅಷ್ಟೂ ಹೊತ್ತು ಅದನ್ನೇ ಹೇಳಿದ್ಲು. ನಂಗೆ ತುಂಬಾ ಭಯ ಆಗ್ತಿದೆ ಕಣೇ, ಅಂತ. ಒಳ್ಳೇದಾಯ್ತು ಹೇಳಿದ್ದು. ನಂಗೂ ಆಗ್ತಿತ್ತು."

ನೀವು ಇದನ್ನು ಓದುವ ಹೊತ್ತಿಗೆ ಆಪರೇಷನ್ ಮುಗಿದಿರುತ್ತದೆ. ಧ್ವನಿ ಉಳಿಯಿತೋ ಇಲ್ಲವೋ, ಬರೆಯುತ್ತಿರುವ ನನಗೆ ಗೊತ್ತಿಲ್ಲ. ಬುಧವಾರ ಅವರು ಆಸ್ಪತ್ರೆಗೆ ಹೊರಡುವ ಮುನ್ನ, ನಿಮಗೆ ಏನಾದರೂ ಆಸೆ ಇದೆಯೇ ಎಂದು ಕೇಳಿದೆ. ಓದಕ್ಕ ನೋಟ್‌ಪುಸ್ತಕ ಇಸಿದುಕೊಂಡು, ಗೋಡೆಗೆ ಒತ್ತಿಟ್ಟು ಬರೆದರು:

"ನಾಳೆ ಎಚ್ಚರ ಆದಾಗ ಸುತ್ತ ಎಲ್ರೂ ಸುಮ್ನೆ ನಿಂತಿರ್ಬಾರ್ದು. ಯಾರಾದ್ರೂ ಏನಾದ್ರೂ ಓದ್ತಾ ಇರ್ಲಿ. ಔಷಧಿ ಚೀಟಿ ಆದ್ರೂ ಪರವಾಗಿಲ್ಲ. ನಾನು ಕೇಳಿಸ್ಕೋತೀನಿ."