ಯಾವ ಯೂಸುಫ್?

ಕೋವಿಡ್ ಕಳೆದ ನಂತರದ ಒಂದು ಚಳಿಗಾಲ. ನಾನಾಗ ಕುವೈತಿನ ಆಸ್ಪತ್ರೆಯೊಂದರಲ್ಲಿ ಮಕ್ಕಳ ಕ್ಯಾನ್ಸರ್ ವಾರ್ಡಿನ ಹಿರಿಯ ನರ್ಸ್. ಕರ್ತವ್ಯದಲ್ಲಿ ಪ್ರಾಣ ಕಳೆದುಕೊಂಡ ಅಗ್ನಿಶಾಮಕ ಅಧಿಕಾರಿಗಳ ನೆನಪಿಗೆ ಮುತ್ಲಾ ದಿಬ್ಬದ ಮೇಲೆ ನಡಿಗೆ ಏರ್ಪಾಡಾಗಿತ್ತು. ಸಂಗ್ರಹವಾದ ಹಣ ನಮ್ಮ ವಾರ್ಡಿನ ಮಕ್ಕಳಿಗೆ. ಪ್ರಥಮ ಚಿಕಿತ್ಸೆಯ ಹೊಣೆ ನನ್ನದು.

ನಡೆಯುವ ಪ್ರತಿಯೊಬ್ಬರೂ ತೀರಿಕೊಂಡ ಒಬ್ಬ ಅಧಿಕಾರಿಯ ಹೆಸರಿದ್ದ ಬಟ್ಟೆಯನ್ನು ಎದೆಗೆ ಕಟ್ಟಿಕೊಳ್ಳಬೇಕಿತ್ತು. ಒಳ್ಳೆಯ ಯೋಚನೆಯೇ. ಅದರಿಂದ ಎಂಥ ಗೊಂದಲವಾದೀತೆಂದು ಯಾರಿಗೂ ಹೊಳೆಯಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ವಾಕಿಟಾಕಿಯಲ್ಲಿ ಕೂಗು ಬಂತು: "ಯೂಸುಫ್ ಬಿದ್ದಿದ್ದಾನೆ! ಬೇಗ ಬನ್ನಿ!"

ಆಂಬ್ಯುಲೆನ್ಸ್ ಚಾಲಕ ಉಳ್ಳಾಲದ ಹಮೀದ್ ಗಾಡಿ ಸ್ಟಾರ್ಟ್ ಮಾಡುತ್ತಲೇ ಕೇಳಿದ, "ಯಾವ ಯೂಸುಫ್ ಅಕ್ಕ?"

ಯೂಸುಫ್ ಎಂಬ ಸ್ವಯಂಸೇವಕನೊಬ್ಬನಿದ್ದ, ಅವನಿಗೆ ಆಸ್ತಮಾ. ಅವನೇ ಇರಬೇಕೆಂದು ನೆಬ್ಯುಲೈಸರ್ ಎತ್ತಿಕೊಂಡೆ. ಅಷ್ಟರಲ್ಲಿ ಡೇರೆಯ ಮೂಲೆಯಲ್ಲಿ ಕೂತಿದ್ದ ವೃದ್ಧೆಯೊಬ್ಬರು ತಟ್ಟನೆ ಎದ್ದು ನಿಂತರು. ಗೋದಾಮಿನ ಬೆಂಕಿಯಲ್ಲಿ ಸತ್ತ ಅಧಿಕಾರಿ ಯೂಸುಫ್‌ನ ತಾಯಿ. ಅವರನ್ನು ದಾಟಿಕೊಂಡು ಹೋಗಿ ನಾನು ಗಾಡಿ ಹತ್ತಿದೆ.

ದಿಬ್ಬದ ಮೇಲೆ ಬಿದ್ದಿದ್ದವನು ಆ ಸ್ವಯಂಸೇವಕನಲ್ಲ. ನಲವತ್ತರ ಆಸುಪಾಸಿನ ಭಾರತೀಯ. ಎದೆಯ ಮೇಲೆ ಯೂಸುಫ್ ಎಂಬ ಹೆಸರು. ಮೈಯೆಲ್ಲ ಬೆವರು, ಕೈ ನಡುಗುತ್ತಿತ್ತು. ಪ್ರಜ್ಞೆ ಎಷ್ಟಿದೆಯೆಂದು ತಿಳಿಯಲು ನಾವು ಮೊದಲು ಕೇಳುವುದು ಹೆಸರು. ಕೇಳಿದೆ.

"ಯೂಸುಫ್," ಎಂದ.

ಹಾಗಾದರೆ ಇವನೂ ಯೂಸುಫನೇ? ಪ್ರಜ್ಞೆ ಸರಿಯಿದೆಯೇ, ಇಲ್ಲ ತಪ್ಪಿದೆಯೇ? ಇನ್ನೊಮ್ಮೆ ಕೇಳಿದರೆ, "ಉಮ್ಮ ಹೇಳಿದ್ದಾರೆ, ನಾನೇ ಯೂಸುಫ್," ಎಂದು ತೊದಲಿದ. ಉಮ್ಮ ಎಂದರೆ ಅರಬಿಯಲ್ಲಿ ಅಮ್ಮ. ತಲೆಗೆ ಪೆಟ್ಟೇ, ಪಾರ್ಶ್ವವಾಯುವೇ? ನನಗೆ ಒಂದೂ ಹೊಂದಿಕೆಯಾಗಲಿಲ್ಲ.

"ಇದು ಆಸ್ತಮಾ ಅಲ್ಲ ಮಾರಾಯ್ರೆ, ಉಸಿರು ಸರಿ ಉಂಟು," ಎಂದ ಹಮೀದ್.

ಹೆಸರಿನ ಗೊಡವೆ ಬಿಟ್ಟು ಬೆರಳು ಚುಚ್ಚಿ ಸಕ್ಕರೆ ನೋಡಿದೆ. ಎರಡು ಪಾಯಿಂಟ್ ಒಂದು. ನಮ್ಮೂರಿನ ಲೆಕ್ಕದಲ್ಲಿ ಮೂವತ್ತೆಂಟು. ಇನ್ನೂ ಇಳಿದರೆ ಫಿಟ್ಸ್ ಬರಬಹುದು, ಪ್ರಾಣವೂ ಹೋಗಬಹುದು. ಕೂಡಲೇ ರಕ್ತನಾಳಕ್ಕೆ ಡೆಕ್ಸ್‌ಟ್ರೋಸ್, ಅಂದರೆ ಸಕ್ಕರೆ ದ್ರಾವಣ, ಕೊಟ್ಟೆ. ಕೆಲವೇ ನಿಮಿಷಗಳಲ್ಲಿ ಅವನ ಕಣ್ಣು ನನ್ನ ಮುಖದ ಮೇಲೆ ನಿಂತಿತು.

"ಸಿಸ್ಟರೇ... ಅನ್ವಿ ಏನಾದರೂ ತಿಂದಳಾ?"

ಆ ದನಿ ಕೇಳಿದ ಮೇಲೆಯೇ ನನಗೆ ಗುರುತು ಸಿಕ್ಕಿದ್ದು. ರಿಗ್ಗೈ ಬಡಾವಣೆಯ ದಿನೇಶ್, ನಮ್ಮ ವಾರ್ಡಿನ ಪುಟ್ಟ ಅನ್ವಿಯ ಅಪ್ಪ. ಸೋಂಕಿನ ಭಯಕ್ಕೆ ವಾರ್ಡಿನಲ್ಲಿ ಎಲ್ಲರೂ ಮಾಸ್ಕ್ ಹಾಕುತ್ತಿದ್ದುದರಿಂದ ಅವನ ಪೂರ್ತಿ ಮುಖ ನಾನು ಕಂಡದ್ದು ಅದೇ ಮೊದಲು. ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡಿದ್ದ. ತಿಂಡಿಗೆ ಕೂರುವಷ್ಟರಲ್ಲಿ ಮಗಳು ವಾಂತಿ ಮಾಡಿಕೊಂಡಳಂತೆ. ಅವಳನ್ನು ಸಮಾಧಾನಪಡಿಸಿ ಹಸಿದ ಹೊಟ್ಟೆಯಲ್ಲೇ ಓಡಿಬಂದಿದ್ದ. ಇಲ್ಲಿ ಆ ತಾಯಿ ತಾವೇ ಅವನ ಎದೆಗೆ ಬಟ್ಟೆ ಕಟ್ಟಿ, "ಇವತ್ತು ನೀನೇ ನನ್ನ ಯೂಸುಫ್, ಅವನ ಪಾಲಿನ ದಾರಿ ನಡೆ," ಎಂದಿದ್ದರಂತೆ.

ಅವನನ್ನು ಆಂಬ್ಯುಲೆನ್ಸಿನಲ್ಲಿ ಮಲಗಿಸಿ ಕೆಳಗೆ ಕರೆತಂದೆವು. ಡೇರೆಯ ಬಾಗಿಲಲ್ಲಿ ಆಕೆ ಇನ್ನೂ ನಿಂತೇ ಇದ್ದರು. ನನ್ನ ತೋಳು ಹಿಡಿದು ಕೇಳಿದರು, "ಯೂಸುಫ್ ಹೇಗಿದ್ದಾನೆ?"

ಯಾರನ್ನು ಕೇಳುತ್ತಿದ್ದಾರೆ? ಬಿದ್ದವನು ದಿನೇಶ್ ಎಂದು ತಿದ್ದಲೇ? ನಿಮ್ಮ ಮಗ ಎಂದೋ ಹೋದನಲ್ಲ ಎಂದು ನೆನಪಿಸಲೇ? ಕಂಡದ್ದನ್ನಷ್ಟೇ ನನ್ನ ಹರಕು ಅರಬಿಯಲ್ಲಿ ಹೇಳಿದೆ: "ಕಣ್ಣು ಬಿಟ್ಟಿದ್ದಾನೆ. ಮಾತಾಡುತ್ತಿದ್ದಾನೆ. ಜೀವಕ್ಕೆ ಭಯವಿಲ್ಲ."

"ಅಲ್‌ಹಮ್ದುಲಿಲ್ಲಾಹ್," ಎಂದು ಆಕೆ ನನ್ನ ಭುಜಕ್ಕೆ ಹಣೆಯೊತ್ತಿ ಬಹಳ ಹೊತ್ತು ಅತ್ತರು.

ಆಕೆಗೆ ಎಲ್ಲ ಗೊತ್ತಿದ್ದೂ ಹಾಗೆ ಕೇಳಿದರೋ, ಆ ಗಳಿಗೆಯಲ್ಲಿ ನಿಜಕ್ಕೂ ಮಗನೆಂದೇ ನಂಬಿದ್ದರೋ, ನನಗೆ ಇಂದಿಗೂ ಬಗೆಹರಿದಿಲ್ಲ. ಹೆಸರು ಖಚಿತಪಡಿಸಿಕೊಳ್ಳದೆ ಚಿಕಿತ್ಸೆ ಕೊಡಬಾರದೆಂದು ನಾನೇ ಹೊಸ ನರ್ಸುಗಳಿಗೆ ಪಾಠ ಮಾಡಿದವಳು. ಆ ದಿನದ ನಂತರ ಅದಕ್ಕೆ ಇನ್ನೊಂದು ಮಾತು ಸೇರಿಸತೊಡಗಿದೆ: ಹಾಸಿಗೆಯಲ್ಲಿ ಮಲಗಿದವರನ್ನು ಮೊದಲು ನೋಡಿ, ಆದರೆ ಬಾಗಿಲಲ್ಲಿ ಕಾದು ನಿಂತವರನ್ನು ದಾಟಿಕೊಂಡು ಹೋಗಬೇಡಿ.