ಭುವಿಯ ಉಲ್ಟಾ ಹೆಸರುಗಳು

"ಮಮ್ಮಾ, ಭುವಿ ದೀದಿ ನಮ್ಮ ತಟ್ಟೆಗೆ ಯಾಕೆ ಕಾಜಲ್ ಹಚ್ತಿದ್ದಾಳೆ?"

ಐದು ವರ್ಷದ ಶ್ರಾವ್ಯಾ ದಿನಕ್ಕೆ ಕೇಳುವ ಪ್ರಶ್ನೆಗಳಲ್ಲಿ ಅರ್ಧಕ್ಕೆ ನಾನು ಹೂಂ ಎಂದು ಕೈಕೆಲಸ ಮುಂದುವರಿಸುತ್ತೇನೆ. ಇದಕ್ಕೂ ಹಾಗೇ ಹೂಂಗುಟ್ಟಿದೆ. ಆಮೇಲೆ "ನಮ್ಮ ತಟ್ಟೆ" ಎಂದದ್ದು ತಲೆಗೆ ಹೋಯಿತು. ಗ್ಯಾಸ್ ಸಣ್ಣ ಮಾಡಿ ಪ್ಯಾಸೇಜಿಗೆ ಬಂದೆ.

ಎದುರುಮನೆಯ ಭುವನೇಶ್ವರಿ ಹೊಸ್ತಿಲ ಹೊರಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಮಡಿಲಲ್ಲಿ ನನ್ನ ಮದುವೆಗೆ ಸೋದರಮಾವ ಕೊಟ್ಟ ಸ್ಟೀಲ್ ತಟ್ಟೆ. ಅದರ ಅಂಚಿನಲ್ಲಿ ಚುಕ್ಕಿಚುಕ್ಕಿಯಾಗಿ ಕೊರೆದ ಮಾವನ ಹೆಸರಿನ ಮೇಲೆ ಬೆರಳಿನಿಂದ ಕಪ್ಪು ಮಸಿ ತಿಕ್ಕುತ್ತಿದ್ದಳು.

"ಎಂಥ ಮಾರಾಯ್ತಿ ಇದು? ನಿನ್ನೆ ನಾನು ಶಿರಾ ಹಾಕಿ ಕೊಟ್ಟ ತಟ್ಟೆ ಅಲ್ವಾ?"

"ಹೌದ್ರಿ ಅಕ್ಕಾ. ಶಿರಾ ಖಾಲಿ. ಖಾಲಿ ತಟ್ಟಿ ವಾಪಸ್ ಕೊಡಬಾರ್ದಂತ ಅವ್ವ ಅಂದ್ಳು, ಅದಕ್ಕ ಇಟ್ಕೊಂಡೆ. ಜರಾ ಸರೀರಿ, ನೆರಳು ಬೀಳಾಕತ್ತದ."

ಸರಿದೆ. ಅವಳ ದನಿಯೇ ಹಾಗೆ, ನಮ್ಮ ತಟ್ಟೆಗೆ ಮಸಿ ಬಳಿದು ನಮ್ಮನ್ನೇ ಸರಿಯಿರಿ ಎಂದರೂ ಸರಿಯಬೇಕು ಅನ್ನಿಸುತ್ತದೆ.

ಬಟ್ಟೆಯ ತುಂಡಿನಿಂದ ಮೇಲಿನ ಮಸಿಯನ್ನೆಲ್ಲ ಒರೆಸಿದಳು. ಕೊರೆದ ಗೆರೆಗಳೊಳಗೆ ಇಳಿದದ್ದಷ್ಟೇ ಉಳಿಯಿತು. ನೀರು ಚಿಮುಕಿಸಿ ಮೆತ್ತಗೆ ಮಾಡಿದ ಕಾಗದವನ್ನು ಅದರ ಮೇಲಿಟ್ಟು ಚಮಚದ ಬೆನ್ನಿನಿಂದ ತಿಕ್ಕಿ ತಿಕ್ಕಿ ಎತ್ತಿದಳು. ಕಾಗದದ ಮೇಲೆ ಮಾವನ ಹೆಸರು ಇರುವೆಗಳ ಸಾಲಿನ ಹಾಗೆ ಮೂಡಿತ್ತು, ಕನ್ನಡಿಯಲ್ಲಿ ನೋಡಿದಂತೆ ಹಿಂದುಮುಂದಾಗಿ.

"ಜಾದೂ!" ಎಂದಳು ಶ್ರಾವ್ಯಾ.

"ಈ ಮಸಿ ಹೋಗ್ತದಾ ಇಲ್ವಾ, ಅದು ಹೇಳು ಮೊದಲು" ಎಂದೆ.

"ಎಣ್ಣಿ ಹಚ್ಚಿ ಒರಸ್ತೀನಿ. ಟೆನ್ಷನ್ ನಹೀ ಲೇನೇಕಾ."

ಹೋಯಿತು, ಪೂರ್ತಿ ಅಲ್ಲ. ಮಾವನ ಹೆಸರಿನೊಳಗೆ ಒಂದಿಷ್ಟು ಕಪ್ಪು ಉಳಿದುಕೊಂಡಿತು. ಇಷ್ಟು ವರ್ಷ ಕಾಣದ ಹೆಸರು ಈಗ ಊಟಕ್ಕೆ ಕೂತರೆ ಕಣ್ಣಿಗೆ ಹೊಡೆಯುತ್ತದೆ.

ಮುಂಬಯಿಯ ಆಂಟಾಪ್ ಹಿಲ್‌ನ ಈ ಬಿಲ್ಡಿಂಗಿಗೆ ನಾನು ಮದುವೆಯಾಗಿ ಬಂದಾಗ ಭುವಿ ಹತ್ತನೆಯ ಕ್ಲಾಸಿನಲ್ಲಿದ್ದಳು. ನಾವು ಉಡುಪಿ ಕಡೆಯವರು. ನನ್ನ ಗಂಡ ಮಾಟುಂಗಾದ ಹೋಟೆಲೊಂದರಲ್ಲಿ ಕ್ಯಾಶಿನಲ್ಲಿ ಕೂರುತ್ತಾರೆ. ಭುವಿಯ ಮನೆಯವರು ಕಲಬುರಗಿ ಕಡೆಯವರು. ಅವಳ ಅಪ್ಪ ಬಂಡೆಪ್ಪ ಹೊಸ ಬಿಲ್ಡಿಂಗುಗಳಲ್ಲಿ ಟೈಲ್ಸ್ ಹಾಕುತ್ತಾರೆ, ಈಗ ಗೋರೆಗಾಂವ್ ಸೈಟಿನಲ್ಲಿದ್ದಾರೆ. ತಾಯಿ ಕಸ್ತೂರಿಬಾಯಿ, ನನಗೆ ಕಸ್ತೂರಕ್ಕ. ಭುವಿ ಇಲ್ಲೇ ಹುಟ್ಟಿ ಹಿಂದಿ ಮೀಡಿಯಮ್ಮಿನಲ್ಲಿ ಓದಿದವಳು. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಓದಲು ಕೊಟ್ಟರೆ ಒಂದೊಂದೇ ಅಕ್ಷರದ ಮೇಲೆ ಬೆರಳಿಡುತ್ತಾಳೆ. ಈಗ ಟೌನ್ ಕಡೆಯ ಆರ್ಟ್ ಕಾಲೇಜಿನಲ್ಲಿ ಪ್ರಿಂಟ್‌ಮೇಕಿಂಗ್, ಎಂದರೆ ಅಚ್ಚು ತೆಗೆಯುವ ಕಲೆ, ಕೊನೆಯ ವರ್ಷ.

ಅವಳು ಏನೇನು ಮಾಡಿಲ್ಲ! ಮೊದಲ ವರ್ಷ ವಡಾಲಾದಲ್ಲಿ ಹತ್ತಿದ ಲೋಕಲ್ ಟ್ರೇನಿನಲ್ಲಿ ನಿಂತುಕೊಂಡೇ ಹೆಂಗಸರ ಪಾದಗಳನ್ನು ಬರೆದಳು. ಬರೀ ಪಾದ. ಮುಖ ಬರೆದರೆ ಜಗಳಕ್ಕೆ ಬರುತ್ತಾರಂತೆ, ಪಾದವನ್ನು ಯಾರೂ ಕೇಳುವುದಿಲ್ಲವಂತೆ. ಆಮೇಲೆ ಕಾಲೇಜಿನಿಂದ ಸಣ್ಣ ಪ್ರೊಜೆಕ್ಟರ್ ತಂದು ಆ ಪಾದಗಳನ್ನೇ ಎದುರಿನ ಬಿಲ್ಡಿಂಗಿನ ಗೋಡೆಗೆ ಬೆಳಕಿನಲ್ಲಿ ಹಾಯಿಸಿದಳು. ಅಲ್ಲೊಬ್ಬಾಕೆ ಒಣಗಿದ ಚಾದರ ತೆಗೆಯಲು ಕಿಟಕಿಗೆ ಬಂದವಳು, ಚಾದರದ ಮೇಲೆ ಆಳೆತ್ತರದ ಹೆಬ್ಬೆರಳು ಕಂಡು ಕಿಟಾರನೆ ಕಿರುಚಿದಳು. ಇವಳು ಇಲ್ಲಿಂದ ಕೂಗಿದ್ದು, "ಆಂಟೀ, ಚಾದರ್ ಮತ್ ಹಟಾವ್! ಬಹುತ್ ಅಚ್ಛಾ ಲಗ್ ರಹಾ ಹೈ!" ಚಾದರ ತೆಗೀಬೇಡಿ, ಬಹಳ ಚೆಂದ ಕಾಣ್ತಿದೆ ಅಂತ.

ಕೆಟ್ಟರೆ "ಇದು ಟ್ರಾಯಲ್ ರೀ" ಎನ್ನುತ್ತಾಳೆ. ಚೆನ್ನಾಗಿ ಬಂದರೂ ಅದೇ ಮಾತು.

ಈ ವರ್ಷ ಪಾತ್ರೆ, ಶುರುವಾದದ್ದು ನನ್ನ ಆ ತಟ್ಟೆಯಿಂದಲೇ. ಪಾತ್ರೆಗೆ ಹೆಸರು ಹಾಕಿಸುವುದು ನಮಗೆಲ್ಲ ಎಷ್ಟು ರೂಢಿ ಎಂದರೆ ಅದನ್ನು ನಾವು ನೋಡುವುದೇ ಇಲ್ಲ. ಮದುವೆಗೆ, ಗೃಹಪ್ರವೇಶಕ್ಕೆ, ತೊಟ್ಟಿಲಿಗೆ ಕೊಟ್ಟ ತಟ್ಟೆ, ತಂಬಿಗೆ, ಡಬ್ಬಿಗಳ ಮೇಲೆ ಊರಿನ ಅಂಗಡಿಯವನು ಜುಂಯ್ ಎನ್ನುವ ಯಂತ್ರದಿಂದ ಕೊಟ್ಟವರ ಹೆಸರು ಕೊರೆದಿರುತ್ತಾನೆ. ಭುವಿ ಇಡೀ ಬಿಲ್ಡಿಂಗಿನ ಕನ್ನಡದ ಮನೆಗಳನ್ನು ಸುತ್ತಿದಳು. ಅವಳೊಬ್ಬಳೇ ಕೇಳಿದ್ದರೆ ಯಾರೂ ಕೊಡುತ್ತಿರಲಿಲ್ಲ. ಕಸ್ತೂರಕ್ಕ ಜೊತೆಗೆ ಹೋಗಿ, "ನನ್ನ ಮುಖಾ ನೋಡಿ ಕೊಡ್ರವ್ವಾ, ಕಾಲೇಜಿಂದು ಅದ" ಎಂದದ್ದಕ್ಕೆ ಕೊಟ್ಟರು.

ಒಂದೊಂದು ಹೆಸರಿಗೂ ಒಂದೊಂದು ಕಾಗದ. ಅಚ್ಚಾದ ಹೆಸರಿನ ಸುತ್ತ ಪೆನ್ಸಿಲಿನಿಂದ ಆ ಪಾತ್ರೆಯ ಚಿತ್ರ. ಬಿದ್ದು ನೆಗ್ಗಿದ್ದು, ತಳ ಸೀದದ್ದು, ಹಿಡಿಕೆ ಕಳಚಿದ್ದು, ಎಲ್ಲವನ್ನೂ ಬರೆದಳು. ಇವನ್ನೆಲ್ಲ ಒಂದು ಕೋಣೆಯ ಗೋಡೆಗಳಿಗೆ ತೂಗುಹಾಕಿ, ನಡುವೆ ನಿಜವಾದ ಪಾತ್ರೆಗಳನ್ನೂ ದಾರದಲ್ಲಿ ಇಳಿಬಿಟ್ಟು, ಮಂದಿ ಅದರೊಳಗೆ ನಡೆದಾಡುವ ಹಾಗೆ ಮಾಡುವುದು ಅವಳ ಯೋಚನೆ. ಗುರುವಾರ ಜ್ಯೂರಿ. ಕಾಲೇಜಿನ ಸರ್‌ಗಳು, ಹೊರಗಿನ ಕಲಾವಿದರು ಬಂದು ನೋಡಿ ಪಾಸೋ ಫೇಲೋ ಹೇಳುವ ದಿನ. ಮೂರು ತಿಂಗಳಿನಿಂದ ಬೇರೆ ಏನೂ ಮಾಡಿಲ್ಲ ಅವಳು. ಇದೇ ಇಲ್ಲವಾದರೆ ತೋರಿಸಲು ಏನೂ ಇಲ್ಲ.

ಹೋದ ಶನಿವಾರ ಕಾಗದಗಳನ್ನು ಪ್ಯಾಸೇಜಿನ ಬಟ್ಟೆಯ ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸಿದ್ದಳು. ಕೆಳಮಾಳಿಗೆಯ ನಾಗರತ್ನಾ ಕಸ್ತೂರಕ್ಕನನ್ನು ಕರೆಯಲು ಮೇಲೆ ಬಂದರು. ಅವರ ಗಂಡ ಶಾಂತಪ್ಪ ಪೇಂಟಿಂಗ್ ಕೆಲಸದ ಪರಾಂಚಿನಿಂದ, ಎಂದರೆ ಬಿದಿರಿನ ಅಟ್ಟಣಿಗೆಯಿಂದ, ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿದ್ದಾರೆ. ನಾಗರತ್ನಾ ಒಂದು ಕಾಗದದ ಮುಂದೆ ನಿಂತರು. ಕಣ್ಣು ಕಿರಿದು ಮಾಡಿದರು.

"ಇದು ನಮ್ಮ ಮನಿಯವರ ಹೆಸರಲ್ಲೇನ? ಉಲ್ಟಾ ಯಾಕ ಬರದೀ?"

"ಬರದಿಲ್ಲ ಕಾಕು. ಪ್ರಿಂಟ್ ತಗದ್ರ ಉಲ್ಟಾನೇ ಬರ್ತದ."

"ಕರೀ ಮಸಿಯಾಗ ಗಂಡಸರ ಹೆಸರು ಉಲ್ಟಾ ಬರದು ದಾರಕ್ಕ ಕಟ್ಟೋರು ಯಾರು ಗೊತ್ತದನ ನಿಂಗ? ಯಾವಾಗ ತಗದೀ ಇದನ್ನ?"

"ಹೋದ ತಿಂಗಳ."

"ಹೋದ ತಿಂಗಳs ಬಿದ್ದಾರ ಅವರು!"

ಮುಂದಿನದನ್ನು ಹೇಳಬೇಕಾಗಿಲ್ಲ. ಸಂಜೆಯೊಳಗೆ ಮೆಟ್ಟಿಲು ತುಂಬ ಮಾಟದ ಮಾತು. ಒಬ್ಬರ ಮಗಳಿಗೆ ಜ್ವರ ಬಂದದ್ದು, ಇನ್ನೊಬ್ಬರ ಫ್ರಿಜ್ ಕೆಟ್ಟದ್ದು, ಎಲ್ಲಕ್ಕೂ ಲೆಕ್ಕ ಸಿಕ್ಕಿತು. ಒಬ್ಬೊಬ್ಬರೇ ಬಂದು ಪಾತ್ರೆ ಕೇಳಿದರು, ಕಾಗದವನ್ನು ಹರಿದುಹಾಕು ಎಂದರು. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ಶ್ರಾವ್ಯಾಳ ಹೆಸರಿನ ಡಬ್ಬಿ ನಮ್ಮ ಶೆಲ್ಫಿನಲ್ಲೇ ಇದೆಯಾ ಎಂದು ಒಮ್ಮೆ ನೋಡಿಕೊಂಡೆ.

ಕಸ್ತೂರಕ್ಕ ನನ್ನ ಅಡುಗೆಮನೆಗೆ ಬಂದು ನೆಲಕ್ಕೆ ಕೂತರು.

"ನೋಡವ್ವಾ ತಂಗೀ, ಇಪ್ಪತ್ತು ವರ್ಷ ಈ ಮಂದಿ ಜೋಡಿ ಬಾಳೇವಿ ಮಾಡೀನಿ. ಇವತ್ತ ನಾಗೂ ನನ್ನ ಮಾರಿ ನೋಡದs ಹೋದ್ಳು. ಕೊಟ್ಟು ಬಿಡು ಎಲ್ಲಾ, ಹರದು ಒಗಿ ಅಂದ್ರ ಇಕಿ ಕೇಳೂದಿಲ್ಲ."

"ಏನಂತಾಳೆ?"

"ನಾಳಿ ತನಕಾ ಟೈಮ್ ಕೊಡು ಅಂತಾಳ. ಕೋರ್ಟ್ ಕಚೇರಿ ಇದ್ದಂಗ!"

ಬಾಗಿಲಿನಲ್ಲಿ ಭುವಿ ನಿಂತಿದ್ದಳು. ಅತ್ತಿರಲಿಲ್ಲ. ಬಾಯಿಯಲ್ಲಿ ಚಪಾತಿ ಇತ್ತು.

"ಅಕ್ಕಾ, ಕೊಬ್ಬರಿ ಎಣ್ಣಿ ಅದಾ? ಬಾಟ್ಲಿ ಪೂರಾ ಬೇಕು. ಮತ್ತ ಹತ್ತಿ."

"ತಲೆಗೆ ಹಾಕ್ಲಿಕ್ಕಾ? ಬಿಸಿಯಾಗಿದೆಯಾ ತಲೆ?"

"ಪೇಪರಿಗಿ."

ಭಾನುವಾರ ಮಧ್ಯಾಹ್ನವೆಲ್ಲ ಅವಳು, ನಾನು, ಶ್ರಾವ್ಯಾ ಕಾಗದಗಳ ಬೆನ್ನಿಗೆ ಹತ್ತಿಯಿಂದ ಎಣ್ಣೆ ಸವರಿದೆವು. ಎಣ್ಣೆ ಕುಡಿದ ಕಾಗದ ಮಂಜುಗಾಜಿನ ಹಾಗಾಯಿತು. ಹೆಚ್ಚಾದ ಎಣ್ಣೆಯನ್ನು ನ್ಯೂಸ್‌ಪೇಪರಿನ ಮೇಲೆ ಒತ್ತಿ ತೆಗೆದೆವು. ಒಂದು ಕಾಗದಕ್ಕೆ ಶ್ರಾವ್ಯಾ ಅಂಗೈ ತುಂಬ ಎಣ್ಣೆ ಹೊಯ್ದಳು, ನಾನು ಬೈಯುವ ಮೊದಲೇ ಭುವಿ "ಟ್ರಾಯಲ್ ರೀ" ಎಂದಳು. ಆಮೇಲೆ ಹಗ್ಗವನ್ನು ಪ್ಯಾಸೇಜಿನ ಉದ್ದಕ್ಕಲ್ಲ, ಅಡ್ಡಕ್ಕೆ ಕಟ್ಟಿ ಕಾಗದಗಳನ್ನು ಸಾಲುಸಾಲಾಗಿ ತೂಗುಹಾಕಿದಳು, ನಡುವೆ ಪಾತ್ರೆಗಳನ್ನೂ ಇಳಿಬಿಟ್ಟಳು. ತನ್ನ ಮನೆಯ ಬಾಗಿಲಿನಲ್ಲಿ ಸ್ಟೂಲಿನ ಮೇಲೆ ಪ್ರೊಜೆಕ್ಟರ್ ಇಟ್ಟಳು, ಮೆಟ್ಟಿಲಿನ ಕಡೆಗೆ ಮುಖ ಮಾಡಿ. ಚಿತ್ರ ಏನೂ ಇಲ್ಲ, ಬರೀ ಬಿಳಿ ಬೆಳಕು.

ದೀಪ ಹಚ್ಚುವ ಹೊತ್ತಿಗೆ ಎಲ್ಲರನ್ನೂ ಕರೆದುಕೊಂಡು ಬರುವ ಕೆಲಸ ನನ್ನದಾಯಿತು. "ಪಾತ್ರೆ ವಾಪಸ್ ಕೊಡ್ತಾಳಂತೆ, ಬನ್ನಿ" ಎಂದೆ. ಸುಳ್ಳೇನೂ ಅಲ್ಲ, ಯಾರು ಕೇಳಿದರೂ ಕೊಡಲು ತಯಾರಿದ್ದಳು. ಮೆಟ್ಟಿಲಿನ ಕಡೆಯಿಂದ ಬಂದವರೆಲ್ಲ ಕಾಗದಗಳ ಆಚೆ ಬದಿಗೆ ನಿಂತರು, ಬೆಳಕು ಈಚೆಯಿಂದ ಬರುತ್ತಿತ್ತು.

ಕಾಗದಗಳೆಲ್ಲ ಜೇನಿನ ಬಣ್ಣಕ್ಕೆ ತಿರುಗಿದ್ದವು. ನಡುವೆ ತೂಗುತ್ತಿದ್ದ ತಟ್ಟೆಗಳಿಂದ ಚಿಮ್ಮಿದ ಬೆಳಕಿನ ಬಿಲ್ಲೆಗಳು ಸೀಲಿಂಗಿನ ಮೇಲೆ ಓಡಾಡುತ್ತಿದ್ದವು. ಭುವಿ ಬೆಳಕಿನ ಕಡೆಯಿಂದಲೇ ಹೇಳಿದಳು:

"ಮಸಿ ಈ ಕಡಿ ಅದ. ನೀವು ಆ ಕಡಿ ಇದ್ದೀರಿ. ಹತ್ತಿರ ಬಂದು ಓದ್ರಿ ಈಗ."

ಹೆಸರುಗಳು ಸಣ್ಣವು. ಮೂಗು ತಾಗುವಷ್ಟು ಹತ್ತಿರ ಹೋಗಬೇಕು. ಮೊದಲು ಒಬ್ಬರು ಬಾಗಿದರು, ಆಮೇಲೆ ಎಲ್ಲರೂ. ಆ ಕಡೆಯಿಂದ ಒಂದೊಂದು ಅಕ್ಷರವೂ ನೆಟ್ಟಗಿತ್ತು, ಅಂಗಡಿಯವನು ಕೊರೆದ ಹಾಗೆಯೇ.

"ಇದು ನಮ್ಮಪ್ಪಂದು! ಹಣಮಂತ ಅಂತ ಅದ ನೋಡು."

"ಸರಿ ಆಚೀಗೆ, ನಿಂದು ಆ ಸಾಲಿನ್ಯಾಗ ಅದ."

"ಅಯ್ಯ, ಈ ಚರಗಿ ನಿಮ್ಮನ್ಯಾಗ ಹೆಂಗ ಬಂತ? ನಮ್ಮ ಚನ್ನಬಸಯ್ಯ ಕಾಕಾನ ಹೆಸರದ!"

"ನೀನs ಸಜ್ಜಕ ಹಾಕಿ ಕಳಸಿದ್ದಿ, ವಾಪಸ್ ಒಯ್ದಿಲ್ಲ. ನನ್ನ ತಪ್ಪೇನ?"

ಪ್ಯಾಸೇಜ್ ಸಂತೆಯಾಯಿತು. ಹುಡುಕುವುದು, ತಳ್ಳುವುದು, ಸಿಕ್ಕಿದ್ದಕ್ಕೆ ಇನ್ನೊಬ್ಬರನ್ನು ಎಳೆದು ತೋರಿಸುವುದು. ನಾಗರತ್ನಾ ಮಾತ್ರ ಮೆಟ್ಟಿಲ ಬಳಿಯೇ ನಿಂತಿದ್ದರು. ಕಸ್ತೂರಕ್ಕ ಹೋಗಿ ಅವರ ಕೈ ಹಿಡಿದು ಕರೆತಂದರು. ಶಾಂತಪ್ಪನ ಕಾಗದದ ಮುಂದೆ ನಾಗರತ್ನಾ ಬೆರಳಿಟ್ಟು ಓದಿದರು. ಇನ್ನೊಮ್ಮೆ ಓದಿದರು.

"ಈ ಕಡಿಂದ ಬರೋಬ್ಬರಿ ಅದ" ಎಂದರು ಕಡೆಗೆ. "ಆದ್ರ ಇದನ್ನ ನಾ ಮನಿಗಿ ಒಯ್ತೀನಿ. ಅವರ ಕಾಲು ಆರಾಮ ಆಗೂತನಕಾ ಯಾರೂ ಆ ಕಡಿಂದ ನೋಡೂದು ಬ್ಯಾಡ."

ಭುವಿ ಕ್ಲಿಪ್ ತೆಗೆದು ಕಾಗದವನ್ನು ಅವರ ಕೈಗೆ ಕೊಟ್ಟೇಬಿಟ್ಟಳು.

"ಒಯ್ರಿ ಕಾಕು. ತಟ್ಟಿ ಬಿಡ್ರಿ ಸಾಕು, ನಾ ಇನ್ನೊಂದು ತಗೀತೀನಿ. ಪ್ರಿಂಟ್ ಅಂದ್ರ ಅದs ಅಲ್ಲೇನ್ರಿ?"

"ತಗಿ. ಆದ್ರ ಇದರಂಗs ಹಾಕು, ಅಡ್ಡಕ."

ಹಾಗೆ ಪಾತ್ರೆಗಳು ಉಳಿದವು. ಇಬ್ಬರು ತಮ್ಮದನ್ನು ಒಯ್ದರು. ಒಬ್ಬರಿಗೆ ಸೋಮವಾರ ಮಾಡುವ ಪೂಜೆಗೆ ತಂಬಿಗೆ ಬೇಕಿತ್ತು, ಇನ್ನೊಬ್ಬರು ತಮ್ಮದನ್ನು ಸೆರಗಿನಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದರು. ಗೋಡೆಗೆ ಹಾಕಬೇಕೆಂದಿದ್ದ ಕಾಗದಗಳು ಇನ್ನು ಕೋಣೆಯ ನಡುವೆಯೇ ನಿಲ್ಲಬೇಕು, ನೋಡುವವರು ಸುತ್ತಿ ಆಚೆ ಬರಬೇಕು ಎಂದು ಭುವಿ ಆಗಲೇ ನಕ್ಷೆ ಬರೆಯುತ್ತಿದ್ದಳು. "ಮೊದಲಿನಕಿಂತ ಛಲೋ ಆಯ್ತು" ಎಂದಳು. ಕಸ್ತೂರಕ್ಕ ಮಗಳ ತಲೆಗೆ ಒಂದು ಮೊಟಕಿದರು, ಮೆಲ್ಲಗೇ.

ಇವತ್ತು ಮಂಗಳವಾರ. ಸಂಜೆ ಕಾಲೇಜಿನಿಂದ ಬಂದವಳು ತನ್ನ ಮನೆಗೆ ಹೋಗದೆ ನೇರ ನನ್ನ ಅಡುಗೆಮನೆಗೆ ಬಂದಳು. ನಾನು ಶ್ರಾವ್ಯಾಳಿಗೆ ದೋಸೆ ಹೊಯ್ಯುತ್ತಿದ್ದೆ. ಅವಳಿಗೂ ಒಂದು ಹಾಕಿದೆ.

"ಎಲ್ಲಾ ಕಟ್ಟಿ ಬಂದೆ ಅಕ್ಕಾ. ಸರ್ ಬಂದ್ರು, ಮುಂದ ನಿಂತ್ರು, ಬ್ಯೂಟಿಫುಲ್ ಅಂದ್ರು. ನಾ ಅಂದೆ, ಸರ್, ಉಸ್ ಸೈಡ್ ಸೇ ದೇಖಿಯೇ. ಆ ಕಡಿ ಹೋದ್ರು. ಅಲ್ಲೂ ಬ್ಯೂಟಿಫುಲ್ ಅಂದ್ರು."

"ಒಳ್ಳೇದಾಯ್ತಲ್ಲ."

"ಏನ್ ಒಳ್ಳೇದು! ಎರಡೂ ಕಡಿ ಸೇಮ್ ಅವರಿಗೆ. ಕನ್ನಡ ಬರಂಗಿಲ್ಲ. ಜ್ಯೂರಿಯವರಿಗೂ ಬರಂಗಿಲ್ಲ. ಉಲ್ಟಾ ಯಾವುದು ಸೀದಾ ಯಾವುದು ಗೊತ್ತs ಆಗಲಿಲ್ಲ ಅಂದ್ರ ಯಾಕ ಸುತ್ತಿ ಬರಬೇಕು ಅವರು?"

"ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆದು ಹಾಕು. ಇಲ್ಲಿ ನಿಂತು ನೋಡಿ ಅಂತ."

"ಚೀಟಿ ಓದಿ ಯಾರಾದ್ರೂ ನಗ್ತಾರೇನ್ರಿ? ಜಗಳ ಆಡ್ತಾರ?"

ದೋಸೆ ಮಗುಚಿದೆ. ಅವಳು ಹೇಳುತ್ತಿರುವುದು ನನಗೆ ಅರ್ಥವಾಗತೊಡಗಿತ್ತು. ಭಾನುವಾರ ಆ ಕಡೆಗೆ ನಿಂತವರ ಮುಖಗಳನ್ನು ನೋಡಿದ್ದರೆ ಅಕ್ಷರ ಬಾರದವರಿಗೂ ಸೀದಾ ಯಾವುದೆಂದು ತಿಳಿಯುತ್ತಿತ್ತು.

ಭುವಿ ತಟ್ಟೆಯನ್ನು ಕೆಳಗಿಟ್ಟಳು. ಇಷ್ಟು ವರ್ಷಗಳಲ್ಲಿ ಅವಳು ನನ್ನಿಂದ ಏನಾದರೂ ತೆಗೆದುಕೊಂಡು ಹೋಗಿದ್ದಾಳೆಯೇ ಹೊರತು ಕೂತು ಕೇಳಿದ್ದಿಲ್ಲ. ಇವತ್ತು ಕೇಳಿದಳು.

"ಅಕ್ಕಾ, ಗುರುವಾರ ಹನ್ನೊಂದಕ್ಕ ಎಲ್ಲರ್ನೂ ಕರಕೊಂಡು ಬರ್ತೀರೇನು? ಕೆಲಸಕ್ಕ ಹೋಗೋರು ಆಧಾ ದಿನ ರಜಾ ಹಾಕಬೇಕಾಗ್ತದ, ನಾ ಅಂದ್ರ ಕೇಳಂಗಿಲ್ಲ, ನೀವಂದ್ರ ಕೇಳ್ತಾರ. ವಡಾಲಾದಾಗ ಎಲ್ಲರೂ ಲೋಕಲಿನ ಒಂದs ಡಬ್ಬಿಗಿ ಹತ್ರಿ, ಅವ್ವ ಗರ್ದಿಗಿ ಅಂಜತಾಳ, ಕೈ ಬಿಡಬ್ಯಾಡ್ರಿ. ಅಲ್ಲಿ ಬಂದು ಏನೂ ಭಾಷಣ ಬ್ಯಾಡ. ಆ ಕಡಿ ನಿಂತು ಹೆಸರು ಹುಡುಕ್ರಿ ಅಷ್ಟs, ಮೊನ್ನಿ ಹುಡಿಕಿದಂಗ. ಮತ್ತ ನಾಗರತ್ನಾ ಕಾಕುನ್ನ ಎಲ್ಲರಕಿಂತ ಮುಂದ ನಿಲ್ಲಸ್ರಿ, ಆಕಿ ದನಿ ಆ ರೂಮಿಗಿ ಬೇಕು."