ಯೋರಿಸ್‌ನನ್ನು ಎತ್ತಿದ ಚಳಿಗಾಲ

ಕೊರೋನಾದ ಆ ದಿನಗಳಲ್ಲಿ ಶಾಲೆಗೂ ರಂಗಮಂದಿರಕ್ಕೂ ಬೀಗ ಬಿದ್ದಿತ್ತು. ನೆದರ್‌ಲ್ಯಾಂಡ್ಸಿನ ನಮ್ಮ ವೆಲ್ಡ್‌ಹೋವನ್‌ ಊರಿನಲ್ಲಿ ಮಕ್ಕಳಿಗೆಂದು ಉಳಿದಿದ್ದು ಸೈಕಲ್ಲು, ಪಾರ್ಕು ಮತ್ತು ಲ್ಯಾಪ್‌ಟಾಪು. ನನಗಾಗ ಹದಿಮೂರು. ದೊಡ್ಡವರು ಬಾಲ್ಯ ಎಂದರೆ ಮಾವಿನಕಾಯಿ, ಉಪ್ಪು-ಖಾರ ಎನ್ನುತ್ತಾರೆ. ನನ್ನ ಓರಗೆಯವರ ಮೂಗಿಗೆ ಬರುವುದು ಸ್ಯಾನಿಟೈಸರಿನ ವಾಸನೆ. ಆದರೂ ಆ ಚಳಿಗಾಲದಷ್ಟು ಸುಖವಾಗಿ ನಾನು ಆಮೇಲೆ ಇದ್ದಿಲ್ಲ. ಅದು ಮುಗಿದ ರೀತಿ ನೆನೆದರೆ ಮಾತ್ರ ಈಗಲೂ ಹೊಟ್ಟೆ ಉರಿಯುತ್ತದೆ.

ಆ ಸುಖಕ್ಕೆ ಕಾರಣ ಹಾನೆಕೆ, ನನ್ನ ಡ್ಯಾನ್ಸ್ ಟೀಚರ್. ಎಪ್ಪತ್ತು ದಾಟಿದವರು, ಗಂಡಸರಂತೆ ಕತ್ತರಿಸಿದ ಬಿಳಿ ಕೂದಲು. ಇಲ್ಲಿನ ಮಕ್ಕಳು ಟೀಚರನ್ನೂ ಹೆಸರು ಹಿಡಿದೇ ಕರೆಯುವುದು. "ಅಜ್ಜಿ ವಯಸ್ಸಿನವ್ರನ್ನ ಹಾಗೆ ಕರೀತೀಯಲ್ಲೇ, ನಾಲಿಗೆ ಬಿದ್ದೋಗುತ್ತೆ" ಎಂದು ಅಮ್ಮ ಬೈಯುತ್ತಿದ್ದಳು. ಒಳಗೆ ತರಗತಿ ನಡೆಸುವಂತಿರಲಿಲ್ಲವಾದ್ದರಿಂದ ಹಾನೆಕೆ ನಮ್ಮನ್ನು ಪಾರ್ಕಿಗೆ ಕರೆದರು. ಮಕ್ಕಳು ಒಬ್ಬರನ್ನೊಬ್ಬರು ಮುಟ್ಟಬಹುದು, ದೊಡ್ಡವರು ಮಾತ್ರ ಒಂದೂವರೆ ಮೀಟರ್ ದೂರ ನಿಲ್ಲಬೇಕು ಎಂಬುದು ಆಗಿನ ನಿಯಮ. ಅವರು ಪೊರಕೆಯ ಉದ್ದನೆ ಹಿಡಿಯನ್ನು ಕಳಚಿ ತಂದು, ಅದರ ತುದಿಯಿಂದಲೇ ನಮ್ಮ ಮಂಡಿ, ಹಿಮ್ಮಡಿ ತಿದ್ದುತ್ತಿದ್ದರು. ಅಮ್ಮನಿಗೆ ಹಾನೆಕೆಯಲ್ಲಿ ಹಿಡಿಸಿದ್ದು ಅದೊಂದೇ. "ನಮ್ಮ ಗುರುಗಳೂ ಕೋಲು ಹಿಡ್ಕೊಂಡೇ ಕೂರ್ತಿದ್ರು" ಎನ್ನುತ್ತಿದ್ದಳು. ಅಮ್ಮ ಮೈಸೂರಿನಲ್ಲಿ ಮದುವೆಯವರೆಗೂ ಭರತನಾಟ್ಯ ಕಲಿತವಳು. ಆಮೇಲೆ ಯಾಕೆ ಬಿಟ್ಟಳೆಂದು ನಾನು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಹಾನೆಕೆಯ ನೃತ್ಯದಲ್ಲಿ ರಾಜಕುಮಾರಿ ಇರಲಿಲ್ಲ, ಹಂಸವೂ ಇರಲಿಲ್ಲ. ಹುಡುಗ ಹುಡುಗಿ ಎಲ್ಲರಿಗೂ ಒಂದೇ ಬೂದು ಪ್ಯಾಂಟು. ನಡೆಯುವುದು, ಓಡುವುದು, ಬೀಳುವುದು, ಇನ್ನೊಬ್ಬರಿಗೆ ಒರಗಿ ಏಳುವುದು. ಇದೂ ಒಂದು ಡ್ಯಾನ್ಸಾ ಎಂದು ಅಪ್ಪ ನಗುತ್ತಿದ್ದ. ಫ್ಲಾಸ್ಕಿನ ಬಿಸಿ ಚಾಕೊಲೇಟು ಕುಡಿಯುವಾಗ ಹಾನೆಕೆ ತಮ್ಮ ಹರೆಯದ ಕಥೆ ತೆಗೆಯುತ್ತಿದ್ದರು. ಅರವತ್ತರ ದಶಕದ ಆಮ್‌ಸ್ಟರ್‌ಡ್ಯಾಮು. ಉದ್ದ ಕೂದಲಿನ ಹುಡುಗರು, ಬರಿಗಾಲಿನ ಹುಡುಗಿಯರು ಯುದ್ಧ ಬೇಡ, ಅಪ್ಪಂದಿರ ದರ್ಬಾರೂ ಬೇಡ ಎಂದು ಚೌಕಗಳಲ್ಲಿ ಕೂತಿದ್ದ ಕಾಲ. ಹಾನೆಕೆ ಆಗ ಬ್ಯಾಲೆ ತಂಡದಲ್ಲಿದ್ದರು. ಗಂಡಸರು ಸುಲಭವಾಗಿ ಎತ್ತಲೆಂದು ಅಲ್ಲಿ ಹೆಂಗಸರನ್ನು ಆಗಾಗ ತೂಗುತ್ತಿದ್ದರಂತೆ. ಒಂದು ದಿನ ಇವರು, "ನಾನೇ ಅವನನ್ನು ಎತ್ತಿದರೆ?" ಎಂದು ಕೇಳಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಇವರು ತಂಡ ಬಿಟ್ಟು, ಗೆಳೆಯರೊಂದಿಗೆ ಬೀದಿಯಲ್ಲಿ ಕುಣಿದು, ಅಲ್ಲಿಯೇ ಗಂಡಸನ್ನು ಎತ್ತಿ ತೋರಿಸಿದರು.

"ನಿಮ್ಮಮ್ಮ ಏನಂದ್ರು?" ಎಂದೆ.

"ನೋಡೋಕೇ ಬರಲಿಲ್ಲ" ಎಂದು ಅವರು ಫ್ಲಾಸ್ಕಿನ ಮುಚ್ಚಳ ಮುಚ್ಚಿದರು.

ಆ ವರ್ಷದ ನೃತ್ಯದಲ್ಲಿ ಎತ್ತುವ ಕೆಲಸ ನನ್ನ ಪಾಲಿಗೆ ಬಂತು. ನನ್ನದು ಅಗಲ ಭುಜ, ಮನೆಯಲ್ಲಿ ಎಲ್ಲರೂ ಗಂಡುಬೀರಿ ಎನ್ನುತ್ತಿದ್ದರು. ಹಾನೆಕೆ ಮಾತ್ರ ಅದನ್ನು ಕಂಡು ಖುಷಿಪಟ್ಟರು. ಎತ್ತಿಸಿಕೊಳ್ಳುವವನು ನನ್ನ ತರಗತಿಯ ಯೋರಿಸ್, ಕಡ್ಡಿಪೈಲ್ವಾನ್. ಕೈಬಲದಿಂದ ಎತ್ತಬಾರದು; ಅವನ ಸೊಂಟದಡಿ ಭುಜ ಕೊಟ್ಟು, ಉಸಿರು ಬಿಡುತ್ತಾ ಮಂಡಿಯಿಂದ ಏಳಬೇಕು. ಅವನೂ ಹೆದರಿ ಮೈ ಬಿಗಿಹಿಡಿಯದೆ ತನ್ನ ಭಾರವನ್ನು ಪೂರ್ತಿ ಕೊಡಬೇಕು. ವಾರಗಟ್ಟಲೆ ಇಬ್ಬರೂ ಒದ್ದೆ ಎಲೆಗಳಲ್ಲಿ ದೊಪ್ಪೆಂದು ಬಿದ್ದೆವು. ಒಂದು ಮಧ್ಯಾಹ್ನ ಅವನು ಮೇಲೇರಿಬಿಟ್ಟ. ಒದ್ದೆ ಉಣ್ಣೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು, ಮೇಲಿನಿಂದ ಅವನು "ನಿಮ್ಮನೆ ಕಿಟಕಿ ಕಾಣ್ತಿದೆ!" ಎಂದು ಡಚ್ಚಿನಲ್ಲಿ ಕೂಗುತ್ತಿದ್ದ. ನಾನು ಅವನನ್ನು ಹೊತ್ತು ಪಾರ್ಕಿನ ತುದಿಯವರೆಗೂ ನಡೆದೆ.

ಡಿಸೆಂಬರಿನಲ್ಲಿ ಆಗಬೇಕಿದ್ದ ಪ್ರದರ್ಶನ ರದ್ದಾಯಿತು. ಹಾಗಾದರೆ ಇಲ್ಲೇ ಮಾಡೋಣ, ಯಾರಾದರೂ ವಿಡಿಯೋ ಹಿಡಿಯಿರಿ ಎಂದರು ಹಾನೆಕೆ. ಹಿಡಿದವಳು ಅಮ್ಮ. ಬೆಂಚಿನ ಮೇಲೆ ನಿಂತು, ಕೈಗವಸು ಕಳಚಿ, ಮೊದಲಿನಿಂದ ಕೊನೆಯವರೆಗೂ ಹಿಡಿದಳು. ಎಲ್ಲ ಮುಗಿದ ಮೇಲೆ, "ಪುಟ್ಟಿ, ಹಾಗೇ ಒಂದು ನಮಸ್ಕಾರ ಮಾಡ್ಬಿಡೇ" ಎಂದಳು. ಮಾಡಿದೆ.

ಯುಗಾದಿಗೆ ಊರಿನ ಕನ್ನಡದವರೆಲ್ಲ ಸೇರಿ ಆನ್‌ಲೈನ್ ಕಾರ್ಯಕ್ರಮ ಇಟ್ಟುಕೊಂಡರು. ಮನೆಗೊಂದು ಮಕ್ಕಳ ವಿಡಿಯೋ. ಅಮ್ಮ ನನ್ನದನ್ನು ಕಳಿಸಿದಳು. ಮೈಸೂರಿನಿಂದ ಅಜ್ಜಿಯೂ, ಅಂದರೆ ಅಪ್ಪನ ಅಮ್ಮ, ನೋಡುತ್ತಿದ್ದರು. ತಟ್ಟೆಯಲ್ಲಿ ಹೋಳಿಗೆ ಹಿಡಿದು ನಾನು ಲ್ಯಾಪ್‌ಟಾಪಿನ ಮುಂದೆ ಕೂತೆ. ಪರದೆಯ ಮೇಲೆ ನಡೆದೆ, ಓಡಿದೆ, ಯೋರಿಸ್‌ನ ಹತ್ತಿರ ಬಂದೆ. ಮರುಕ್ಷಣ ನಾನೊಬ್ಬಳೇ ಕೈಮುಗಿದು ನಿಂತಿದ್ದೆ. ಹಿನ್ನೆಲೆಯಲ್ಲಿ ಯಾವುದೋ ವೀಣೆ. "ಸೂಪರ್ ಪುಟ್ಟಿ", "ಎಂಥ ಸಂಸ್ಕಾರ" ಎಂಬ ಮೆಚ್ಚುಗೆಗಳು ಒಂದರ ಮೇಲೊಂದು ಬಂದವು.

ನಾನು ಕಾರ್ಯಕ್ರಮದವರ ಮೇಲೆ ಕೂಗಾಡಿದೆ, ಅಪ್ಪನ ಮೇಲೆ ಹರಿಹಾಯ್ದೆ. "ದೇವ್ರಾಣೆ ನಂಗೊತ್ತಿಲ್ಲ ಕಣೇ" ಎಂದ ಅಪ್ಪ.

"ನಾನೇ ಕತ್ತರಿಸ್ದೆ" ಎಂದಳು ಅಮ್ಮ, ಒಲೆ ಕಡೆ ಮುಖ ಮಾಡಿಕೊಂಡೇ. "ಹುಡುಗನ್ನ ಹೆಗಲ ಮೇಲೆ ಹೊತ್ಕೊಂಡ್ ತಿರ್ಗೋದನ್ನ ಅಜ್ಜಿ ನೋಡ್ಬೇಕಾ? ನನ್ನ ಡ್ಯಾನ್ಸು ನಿಲ್ಸಿದ್ದೂ ಅವ್ರೇ. ನಾನೇನು ಸತ್ತೋದ್ನಾ?"

ತಟ್ಟೆಯ ಹೋಳಿಗೆಯನ್ನು ಅಲ್ಲೇ ಬಿಟ್ಟು ನಾನು ಸೈಕಲ್ಲು ಹತ್ತಿ ಪಾರ್ಕಿಗೆ ಹೊರಟೆ. ಸ್ವಲ್ಪ ದಿನಗಳಲ್ಲೇ ಹಾನೆಕೆ ತರಗತಿ ಮುಚ್ಚಿ ಮಗಳ ಊರಿಗೆ ಹೋದರು. ಯೋರಿಸ್ ಮುಂದಿನ ಬೇಸಿಗೆಗೆ ನನಗಿಂತ ಗೇಣುದ್ದ ಬೆಳೆದು, ದನಿ ಒಡೆದು, ಫುಟ್‌ಬಾಲ್ ಸೇರಿದ. ಈಗ ಅವನನ್ನು ಅಲುಗಿಸಲೂ ನನ್ನಿಂದಾಗದು. ಆ ವಯಸ್ಸಿನಲ್ಲಿ ಒಂದೇ ಒಂದು ಚಳಿಗಾಲ ಆಗುವ ಕೆಲಸ ಅದು, ಆಮೇಲೆ ಇಲ್ಲ. ಕೈಮುಗಿದ ನನ್ನ ಚಿತ್ರ ಮಾತ್ರ ಪ್ರತಿ ಯುಗಾದಿಗೂ ಯಾರದೋ ಫೋನಿನಿಂದ ನನಗೇ ಬರುತ್ತದೆ.

ನಾನೀಗ ವಾಗೆನಿಂಗನ್‌ನ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದೇನೆ. ಕಳೆದ ರಜೆಯಲ್ಲಿ ಮನೆಗೆ ಹೋದಾಗ, ಕತ್ತರಿಸದ ಆ ವಿಡಿಯೋ ಕೊಡು ಎಂದು ಅಮ್ಮನನ್ನು ಕೇಳಿದೆ.

"ಅವತ್ತೇ ಅಳಿಸ್ಬಿಟ್ಟೆ" ಎಂದಳು, ಹುರುಳಿಕಾಯಿ ನಾರು ತೆಗೆಯುತ್ತಾ.

"ಅದನ್ನೂ ಯಾಕಮ್ಮ? ನಿನ್ನ ಫೋನಲ್ಲಿ ಯಾರು ನೋಡ್ತಿದ್ರು?"

"ನಾನೇ ನೋಡ್ತಿದ್ದೆ ಕಣೇ. ಎಷ್ಟು ಚೆನ್ನಾಗಿ ಎತ್ತಿದ್ದೆ ನೀನು. ನನ್ ಕೈಲಿ ನೋಡಕ್ಕಾಗ್ಲಿಲ್ಲ."